ಧೋಬಿ ತಲಾವಿನಿಂದ ನೆರೂಳಿಗೆ: ಬೇಸ್ ಗಿಟಾರ್ ಬಂದ ದಾರಿ

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಎಲ್ಲಕ್ಕಿಂತ ದಪ್ಪನೆಯದನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಂಡಸರು ಸಹಜವಾಗಿ ಮಾತಾಡುವ ದನಿಗಿಂತ ಒಂದು ಸ್ಥಾಯಿಗೂ ಕೆಳಗಿನ ನಾದ ಅದು. ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಹಾಡುವವರಿಗೆ ನೆಲೆ ಕೊಡುವಂತೆ ವಾದ್ಯವೃಂದದಲ್ಲಿ ಬೇಸ್ ನೆಲೆ ಕೊಡುತ್ತದೆ. ತಂಬೂರಿ ಕೂತಲ್ಲೇ ಕೂತಿರುತ್ತದೆ. ಬೇಸ್ ಮಾತ್ರ ಹಾಡಿನ ಸ್ವರಮೇಳ ಬದಲಾದ ಹಾಗೆಲ್ಲ ತಾನೂ ಜಾಗ ಬದಲಿಸುತ್ತ, ಡ್ರಮ್ಮಿನ ಪೆಟ್ಟಿಗೆ ಹೆಜ್ಜೆ ಕೂಡಿಸುತ್ತ ಸಾಗುತ್ತದೆ.

ಕೇಳುಗರಿಗೆ ಈ ದನಿಯ ಪರಿಚಯ ತಡವಾಗಿ ಆಯಿತು. ಅದಕ್ಕೊಂದು ಸರಳ ಕಾರಣವಿದೆ. ಅಂಗೈಯಗಲದ ಸ್ಪೀಕರಿರುವ ಟ್ರಾನ್ಸಿಸ್ಟರ್ ರೇಡಿಯೊ ಇಷ್ಟು ನಿಧಾನದ ಕಂಪನಗಳನ್ನು ಹೊರಡಿಸಲಾರದು. ತಳದ ಸ್ವರ ಅಲ್ಲೇ ಸೋಸಿಹೋಗಿ ಅದರ ಮೇಲಿನ ಉಪಸ್ವರಗಳಷ್ಟೇ ಹೊರಗೆ ಬರುತ್ತವೆ. ಕಳೆದುಹೋದದ್ದನ್ನು ಕಿವಿ ಅಂದಾಜಿನ ಮೇಲೆ ತುಂಬಿಕೊಳ್ಳುತ್ತದೆ. ರೇಡಿಯೊ ಸಿಲೋನಿನ ಬಿನಾಕಾ ಗೀತಮಾಲಾ ಕೇಳಿ ಬೆಳೆದ ತಲೆಮಾರು ಹೀಗೆ ಬೇಸನ್ನು ಕೇಳಿಯೂ ಕೇಳದೆ ಉಳಿಯಿತು. ಸಿನಿಮಾದ ಟೈಟಲ್ ಕಾರ್ಡಿನಲ್ಲಾಗಲಿ ರೆಕಾರ್ಡಿನ ಹೊದಿಕೆಯಲ್ಲಾಗಲಿ ವಾದಕರ ಹೆಸರು ಹಾಕುವ ರೂಢಿ ಹೆಚ್ಚಾಗಿ ಇರಲಿಲ್ಲ. ದನಿಯೂ ಇಲ್ಲ, ಹೆಸರೂ ಇಲ್ಲ. ಮುಂಬಯಿಯಲ್ಲಿ, ಅದರ ಪೂರ್ವಕ್ಕೆ ಹಬ್ಬಿದ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಬೇಸ್ ವಾದಕರ ಚರಿತ್ರೆ ಶುರುವಾಗುವುದು ಇಲ್ಲಿಂದ.

ಬೇಸ್ ಗಿಟಾರಿಗಿಂತ ಮೊದಲು ಆ ಕೆಲಸ ಡಬಲ್ ಬೇಸ್‌ನದಾಗಿತ್ತು. ಪಿಟೀಲಿನ ಕುಟುಂಬಕ್ಕೆ ಹತ್ತಿರದ, ಆರಡಿ ಎತ್ತರದ, ಸಾಮಾನ್ಯವಾಗಿ ನಿಂತುಕೊಂಡು ನುಡಿಸುವ ವಾದ್ಯ. 1935ರಲ್ಲಿ ಅಮೆರಿಕದ ಲಿಯಾನ್ ಆ್ಯಬಿಯ ತಂಡ ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ ಜಾಜ್ ನುಡಿಸಿತು. ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಬಂದಿದ್ದ ಗೋವಾದ ಸಂಗೀತಗಾರರು ಅಂಥ ತಂಡಗಳ ಜೊತೆ ನುಡಿಸುತ್ತ ಜಾಜ್ ಕಲಿತರು. ಸ್ವಾತಂತ್ರ್ಯದ ನಂತರ ಮುಂಬಯಿಯಲ್ಲಿ ಪಾನನಿರೋಧ ಬಂದು ಹೋಟೆಲುಗಳ ಸಂಜೆ ಸೊರಗಿದಾಗ ಅವರಲ್ಲಿ ಎಷ್ಟೋ ಮಂದಿಗೆ ಸಿನಿಮಾ ಸ್ಟುಡಿಯೊಗಳೇ ಅನ್ನದ ದಾರಿಯಾದವು. ಚಿಕ್ ಚಾಕೊಲೆಟ್ ಎಂದೇ ಹೆಸರಾದ ಆಂತೊನಿಯೊ ಝೇವಿಯರ್ ವಾಜ್, ಶಂಕರ್–ಜೈಕಿಶನ್‌ರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜ ಇಂಥವರ ಹೆಸರುಗಳು ಹೇಗೋ ಉಳಿದವು. ಹಿಂದಿನ ಸಾಲಿನಲ್ಲಿ ಡಬಲ್ ಬೇಸ್ ಹಿಡಿದು ನಿಂತವರದು ಬಹುತೇಕ ಉಳಿಯಲಿಲ್ಲ.

ಹೊರಗಿನಿಂದ ಬಂದವರನ್ನು ಕಣ್ಣಾರೆ ಕಂಡು ಕಲಿಯುವ ಅವಕಾಶ ಆಗೀಗ ಸಿಗುತ್ತಿತ್ತು. 1958ರಲ್ಲಿ ಡೇವ್ ಬ್ರುಬೆಕ್‌ನ ನಾಲ್ವರ ತಂಡ ಭಾರತಕ್ಕೆ ಬಂದಾಗ ಅದರ ಬೇಸ್ ವಾದಕ ಯೂಜೀನ್ ರೈಟ್. ತಂಡದಲ್ಲಿದ್ದ ಏಕೈಕ ಕಪ್ಪು ಕಲಾವಿದ ಆತ. ಎರಡು ವರ್ಷದ ನಂತರ ಅಮೆರಿಕದ ದಕ್ಷಿಣದ ಕಾಲೇಜುಗಳು ರೈಟ್‌ನನ್ನು ಬಿಟ್ಟು ಬೇರೆಯವರನ್ನು ಕರೆತರುವಂತೆ ಕೇಳಿದವು. ಬ್ರುಬೆಕ್ ಒಪ್ಪಲಿಲ್ಲ, 25ರಲ್ಲಿ 23 ಕಛೇರಿಗಳು ರದ್ದಾದವು. ಬೇಸ್ ವಾದಕನೊಬ್ಬನ ಸಲುವಾಗಿ ಹೆಚ್ಚುಕಮ್ಮಿ ಇಡೀ ಪ್ರವಾಸವನ್ನೇ ಕೈಬಿಟ್ಟ ಉದಾಹರಣೆ ಸಂಗೀತದ ಚರಿತ್ರೆಯಲ್ಲಿ ವಿರಳ.

ಲಿಯೊ ಫೆಂಡರ್ ತನ್ನ ಪ್ರಿಸಿಶನ್ ಬೇಸನ್ನು ಕ್ಯಾಲಿಫೋರ್ನಿಯಾದಲ್ಲಿ ಮಾರುಕಟ್ಟೆಗೆ ಬಿಟ್ಟದ್ದು 1951ರಲ್ಲಿ. ಮರದ ಗಟ್ಟಿ ಹಲಗೆ, ಉದ್ದ ಕುತ್ತಿಗೆ, ಅದರ ಮೇಲೆ ಸ್ವರಸ್ಥಾನ ತೋರಿಸುವ ಲೋಹದ ಮೆಟ್ಟಿಲು, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್. ಹೆಗಲಿಗೆ ತೂಗುಹಾಕಿಕೊಂಡು ಹೋಗಬಹುದಾದ ಬೇಸ್ ಇದು. ಮುಂಬಯಿಯಂಥ ಊರಿಗೆ ಅದೇನೂ ಸಣ್ಣ ಸಂಗತಿಯಲ್ಲ. ಸ್ಟುಡಿಯೊಗಳು ತಾಡದೇವ್, ಮಹಾಲಕ್ಷ್ಮಿ, ಬಾಂದ್ರಾಗಳಲ್ಲಿ. ಕೈಗೆಟಕುವ ಮನೆಗಳು ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತಿದ್ದವು. ಕಲ್ಯಾಣದಿಂದ ವಿ.ಟಿ. (ಇಂದಿನ ಸಿಎಸ್‌ಎಂಟಿ) ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು 54 ಕಿಲೋಮೀಟರ್. ಡಬಲ್ ಬೇಸ್ ಹೊತ್ತು ಬೆಳಗಿನ ಲೋಕಲ್ ಹತ್ತುವ ಸಾಹಸ ಯಾರಿಂದಲೂ ಆಗದು. ಬೇಸ್ ಗಿಟಾರನ್ನು ಎದೆಗವಚಿಕೊಂಡೋ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ಪಕ್ಕದಲ್ಲಿ ನಿಂತುಕೊಂಡೋ ಒಯ್ಯಬಹುದು.

ಹಿಂದಿ ಚಿತ್ರಗೀತೆಯಲ್ಲಿ ಬೇಸ್ ಗಿಟಾರಿಗೆ ಸ್ವಂತ ಮಾತು ಸಿಕ್ಕಿದ್ದು ಹೆಚ್ಚಾಗಿ ಆರ್.ಡಿ. ಬರ್ಮನ್ ಅವರ ಹಾಡುಗಳಲ್ಲಿ. 1966ರ ‘ತೀಸ್ರೀ ಮಂಜಿಲ್’ನಿಂದ 1971ರ ‘ಹರೇ ರಾಮ ಹರೇ ಕೃಷ್ಣ’, 1973ರ ‘ಯಾದೋಂ ಕೀ ಬಾರಾತ್’ವರೆಗೆ ಅವರ ತಂಡ ಬೆಳೆದ ಬಗೆ ಗಮನಿಸುವಂಥದು. ಗಿಟಾರಿಗೆ ಭಾನು ಗುಪ್ತ, ಸ್ಯಾಕ್ಸೊಫೋನಿಗೆ ಮನೋಹಾರಿ ಸಿಂಗ್, ತಬಲಾಕ್ಕೆ ಮಾರುತಿ ರಾವ್ ಕೀರ್, ಬೇಸ್ ಗಿಟಾರಿಗೆ ಟೋನಿ ವಾಜ್. ಹಾಡುಗಾರರು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಬೇಸ್ ಒಂದು ಸಣ್ಣ ಮಾತಾಡಿ ಸುಮ್ಮನಾಗುವುದನ್ನು ಆ ಹಾಡುಗಳಲ್ಲಿ ಮತ್ತೆ ಮತ್ತೆ ಕೇಳಬಹುದು. ವಾಜ್ ಅವರ ಹೆಸರು ಸಾಮಾನ್ಯ ಕೇಳುಗರಿಗೆ ತಲುಪಿದ್ದು ಬಹಳ ತಡವಾಗಿ, ಬರ್ಮನ್ 1994ರಲ್ಲಿ ತೀರಿಕೊಂಡ ಮೇಲೆ, ಅವರ ಅಭಿಮಾನಿಗಳು ಯಾವ ಹಾಡಿನಲ್ಲಿ ಯಾರು ಏನು ನುಡಿಸಿದರು ಎಂದು ಹುಡುಕಿ ಬರೆದಿಡತೊಡಗಿದಾಗ.

ಅಮೆರಿಕದಲ್ಲೂ ಸ್ಥಿತಿ ಬೇರೆಯಾಗಿರಲಿಲ್ಲ. ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಎಣಿಸಲಾರದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜಾಮರ್ಸನ್‌ನ ಹೆಸರು ಯಾವ ಹೊದಿಕೆಯ ಮೇಲೂ ಇರಲಿಲ್ಲ. ಬಲಗೈಯ ತೋರುಬೆರಳೊಂದರಿಂದಲೇ ಆತ ತಂತಿ ಮೀಟುತ್ತಿದ್ದ. ಹಳೆಯ ತಂತಿಗಳನ್ನು ಬದಲಿಸುತ್ತಿರಲಿಲ್ಲ. ಮಾಸಿದ ತಂತಿಯಲ್ಲೇ ನಾದವಿದೆ ಎಂಬುದು ಅವನ ನಂಬಿಕೆ. 1971ರಲ್ಲಿ ಮಾರ್ವಿನ್ ಗೇ ತನ್ನ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ ವಾದಕರ ಹೆಸರುಗಳನ್ನು ಅಚ್ಚು ಹಾಕಿಸಿದಾಗ ಜಾಮರ್ಸನ್ ಹೆಸರಿನ ಹಿಂದೆ ‘ಅಸಮಾನ’ ಎಂಬರ್ಥದ ವಿಶೇಷಣವನ್ನೂ ಸೇರಿಸಿದ. ಹಾಡು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಹೊತ್ತು ನಡೆಸಿದವನು ಯಾರೆಂಬುದು ಆಗ ಗೊತ್ತಾಯಿತು.

ಮುಂಬಯಿಯಲ್ಲಿ ಈ ಹೆಸರುಗಳು ಬಾಯಿಂದ ಬಾಯಿಗೆ ಹರಡಿದ ಜಾಗಗಳಲ್ಲಿ ಮುಖ್ಯವಾದದ್ದು ಧೋಬಿ ತಲಾವಿನ ರಂಗಭವನ. ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದ ಈ ಬಯಲು ರಂಗಮಂದಿರದಲ್ಲಿ 1978ರಲ್ಲಿ ಮೊದಲ ಜಾಜ್ ಯಾತ್ರಾ ನಡೆಯಿತು. 1980ರ ಮಾರ್ಚ್ 26ರಂದು ಇಂಗ್ಲೆಂಡಿನ ‘ದಿ ಪೊಲೀಸ್’ ಮುಂಬಯಿಗೆ ಬಂದು ನುಡಿಸಿತು. ಮೂವರ ತಂಡ, ಬೇಸ್ ಹಿಡಿದವನೇ ಹಾಡುಗಾರ. ಬೇಸ್ ವಾದಕ ಹಿಂದೆ ನಿಲ್ಲಬೇಕು ಎಂಬ ಕಟ್ಟಳೆಯನ್ನು ಸ್ಟಿಂಗ್ ಆ ಸಂಜೆ ಮುಂಬಯಿಯ ಕಣ್ಣೆದುರೇ ಮುರಿದ. 1986ರಲ್ಲಿ ಇಂಡಿಪೆಂಡೆನ್ಸ್ ರಾಕ್ ಶುರುವಾಯಿತು. ರಂಗಭವನದಲ್ಲಿ ದೇಶದ ತಂಡಗಳೇ ನುಡಿಸುತ್ತಿದ್ದ ಆ ಜಾತ್ರೆಗೆ ಉಪನಗರಗಳ ಹುಡುಗರು ಲೋಕಲ್‌ನಲ್ಲಿ ಬಂದು, ಕೊನೆಯ ಗಾಡಿ ತಪ್ಪೀತೆಂಬ ಭಯದಲ್ಲಿ ಕೊನೆಯ ಹಾಡು ಬಿಟ್ಟು ವಿ.ಟಿ.ಗೆ ಓಡುತ್ತಿದ್ದರು.

ಅಂದಿನ ಕಲಿಕೆ ಕ್ಯಾಸೆಟ್ಟಿನದು. ಹಾಡಿನ ಎರಡು ಸೆಕೆಂಡನ್ನು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, ಮತ್ತೆ ಕೇಳುವುದು. ಟೇಪ್‌ರೆಕಾರ್ಡರಿನ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಇನ್ನೊಂದನ್ನು ಪೂರ್ತಿ ಇಳಿಸಿದರೆ ಹಾಡುಗಾರನ ದನಿ ಮಂಕಾಗಿ ಕೆಳಗಿನದು ಮೇಲೆದ್ದು ಬರುತ್ತದೆ. ಹೀಗೆ ಕೇಳಿದವರಿಗೆ ದೊಡ್ಡ ಒಗಟಾದವನು ಜಾಕೊ ಪಾಸ್ಟೋರಿಯಸ್. ತನ್ನ ಫೆಂಡರ್ ಜಾಜ್ ಬೇಸಿನ ಲೋಹದ ಮೆಟ್ಟಿಲುಗಳನ್ನು ಆತ ಕಿತ್ತುಹಾಕಿದ್ದ. ಸಂದುಗಳನ್ನು ತುಂಬಿಸಿ, ಮೇಲೆ ಎಪಾಕ್ಸಿ ಲೇಪಿಸಿ ನುಣುಪಾಗಿಸಿದ್ದ. ಮೆಟ್ಟಿಲಿಲ್ಲದ ಮೇಲೆ ಬೆರಳು ಸ್ವರದಿಂದ ಸ್ವರಕ್ಕೆ ಜಾರಬಲ್ಲದು. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ಪಿಟೀಲಿನಲ್ಲಿ ಗಮಕ ಹುಟ್ಟುವುದು ಹೀಗೆಯೇ. 1976ರಲ್ಲಿ ಅವನ ಹೆಸರಿನದೇ ಆಲ್ಬಮ್ ಬಂತು, 1977ರಲ್ಲಿ ವೆದರ್ ರಿಪೋರ್ಟ್ ತಂಡದ ‘ಹೆವಿ ವೆದರ್’ ಬಂತು. ಅಲ್ಲಿಂದಾಚೆ ಬೇಸ್ ರಾಗ ಹಾಡುವ ವಾದ್ಯವೂ ಆಯಿತು. 1987ರಲ್ಲಿ ತೀರಿಕೊಂಡಾಗ ಜಾಕೊಗೆ 35 ವರ್ಷ. ಭಾರತದಲ್ಲಿ ಮೆಟ್ಟಿಲಿಲ್ಲದ ಬೇಸ್ ಹಿಡಿದವರೆಲ್ಲ ಅವನಿಗೆ ಒಂದಲ್ಲ ಒಂದು ಬಗೆಯಲ್ಲಿ ಋಣಿಗಳು.

ಇದೇ ಹೊತ್ತಿಗೆ ಬೇಸ್ ವಾದಕರ ಹೊಟ್ಟೆಗೆ ಕಲ್ಲು ಹಾಕುವ ಯಂತ್ರಗಳೂ ಬಂದವು. ಜಪಾನಿನ ರೋಲಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಸಣ್ಣ ಬೆಳ್ಳಿಬಣ್ಣದ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಜೊತೆಗೆ ಬೇಸ್ ನುಡಿಸಲು ಜನವಿಲ್ಲದವರಿಗಾಗಿ ಮಾಡಿದ್ದು ಅದು. ಅದರ ದನಿ ಬೇಸ್ ಗಿಟಾರಿನಂತೆ ಇರಲೇ ಇಲ್ಲ, ಮಾರಾಟ ಸೋತಿತು, 1984ಕ್ಕೆ ತಯಾರಿಕೆಯೇ ನಿಂತಿತು. ಆದರೆ ಸಿನಿಮಾ ವಾದ್ಯವೃಂದಗಳಲ್ಲಿ ನುರಿತಿದ್ದ ಮುಂಬಯಿಯ ಚರಣ್‌ಜಿತ್ ಸಿಂಗ್ ಆ ಪೆಟ್ಟಿಗೆಯಲ್ಲಿ ಬೇರೇನನ್ನೋ ಕಂಡರು. 1982ರಲ್ಲಿ ಅದರ ಮೇಲೆ, ಡ್ರಮ್ ಯಂತ್ರವೊಂದರ ತಾಳಕ್ಕೆ, ಹತ್ತು ರಾಗಗಳನ್ನು ಧ್ವನಿಮುದ್ರಿಸಿದರು. ಆಗ ಅದನ್ನು ಕೊಂಡವರು ಕಡಿಮೆ. ಅದೇ ಯಂತ್ರದ ಕೊರೆಯುವ ಬೇಸ್ ದನಿಯಿಂದ ಶಿಕಾಗೋದ ಫ್ಯೂಚರ್ ತಂಡ 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಾಗ ಆ್ಯಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತು. 2010ರಲ್ಲಿ ಸಿಂಗ್ ಅವರ ಆಲ್ಬಮ್ ಯುರೋಪಿನಲ್ಲಿ ಮರುಬಿಡುಗಡೆಯಾದಾಗ ಕೇಳಿದವರು ದಂಗಾದರು: ಶಿಕಾಗೋದ ದನಿ ಐದು ವರ್ಷ ಮೊದಲೇ ಭೈರವ, ಮೇಘಮಲ್ಹಾರಗಳ ಜೊತೆ ಮುಂಬಯಿಯಲ್ಲಿ ಮೊಳಗಿತ್ತು. ಇಳಿವಯಸ್ಸಿನಲ್ಲಿ ಅವರು ವಿದೇಶಗಳಿಗೆ ಹೋಗಿ ಅದನ್ನು ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ಸ್ಟುಡಿಯೊದ ಉಳಿದ ವಾದಕರಿಗೆ ಸಿಂಥಸೈಜರ್ ಅಷ್ಟು ದಯೆ ತೋರಲಿಲ್ಲ. ಕೀಬೋರ್ಡಿನ ಎಡಗೈಯೇ ಬೇಸ್ ನುಡಿಸಬಲ್ಲದು ಎಂದಾದ ಮೇಲೆ ಕೂಲಿ ಕಡಿಮೆಯಾಯಿತು. ಉಳಿದದ್ದು ಆರ್ಕೆಸ್ಟ್ರಾ, ಹೋಟೆಲ್, ಪಾಠ. ಥಾಣೆಯ ಮಾಸುಂದಾ ಕೆರೆದಂಡೆಯ ಗಡಕರಿ ರಂಗಾಯತನ, ಕಲ್ಯಾಣದ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹಗಳಲ್ಲಿ ನಡೆಯುವ ಹಳೆಯ ಹಾಡುಗಳ ಕಾರ್ಯಕ್ರಮಗಳಲ್ಲಿ ಎಡಮೂಲೆಯಲ್ಲೋ ಬಲಮೂಲೆಯಲ್ಲೋ ಡ್ರಮ್ಮಿಗೆ ಒತ್ತಿಕೊಂಡು ನಿಂತ ಬೇಸ್ ವಾದಕ ಇಂದಿಗೂ ಕಾಣಸಿಗುತ್ತಾನೆ. ಬೀದಿಯ ಮಾತು ಬೇರೆ. ಆಗರಿ, ಕೋಳಿ ಸಮುದಾಯಗಳ ಮದುವೆಯ ಹಳದಿ ಶಾಸ್ತ್ರಕ್ಕೆ, ಗಣಪತಿ ಮೆರವಣಿಗೆಗೆ ಬರುವ ಬೆಂಜೊ ಪಾರ್ಟಿಯಲ್ಲಿ ಆ ಭಾರವನ್ನು ಹೊರುವುದು ಆಕ್ಟೋಪ್ಯಾಡ್ ಮತ್ತು ಆಳೆತ್ತರದ ಸ್ಪೀಕರುಗಳು. ಡೊಂಬಿವಲಿಯ ರಿಕ್ಷಾದವರನ್ನು ಕೇಳಿದರೆ ಬೇಸ್ ಎಂದರೆ ಹಿಂದಿನ ಸೀಟಿನ ಬೆನ್ನಿಗೆ ಕೂರಿಸಿದ ಬೇಸ್ ಟ್ಯೂಬ್.

ಕನ್ನಡಿಗರ ಕಿವಿಗೆ ಈ ವಾದ್ಯ ಹೊಕ್ಕಿದ್ದು ಇನ್ನೊಂದು ಬಾಗಿಲಿನಿಂದ. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದ ಶಂಕರನಾಗ್ 1981ರಲ್ಲಿ ‘ಗೀತಾ’ ಮಾಡಿದಾಗ ಸಂಗೀತಕ್ಕೆ ಇಳಯರಾಜಾ ಅವರನ್ನು ಕರೆತಂದರು. ಇಳಯರಾಜಾ ಬೇಸ್‌ನ ಪ್ರತಿ ಸ್ವರವನ್ನೂ ಲಿಪಿಯಲ್ಲಿ ಬರೆದು ಕೊಡುವವರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಎರಡು ರಾಗಗಳು ಒಂದರ ಜೊತೆ ಒಂದು ಹೆಣೆದುಕೊಂಡು ಸಾಗುವಂತೆ ಅವರ ಹಾಡುಗಳಲ್ಲಿ ಮೇಲೆ ಗಾಯಕರದೊಂದು ದಾರಿ, ಕೆಳಗೆ ಬೇಸ್‌ನದೊಂದು ದಾರಿ. ಅವರ ಬಳಗದಲ್ಲಿ ದೀರ್ಘಕಾಲ ಆ ಕೆಳದಾರಿ ನಡೆದವರು ಶಶಿಧರನ್. ‘ಗೀತಾ’ದ ‘ಜೊತೆಯಲಿ’, 1983ರ ‘ಪಲ್ಲವಿ ಅನುಪಲ್ಲವಿ’ಯ ‘ನಗುವ ನಯನ’ ಇವುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ, ಪಲ್ಲವಿಯ ಮೇಲಿನ ಮೋಹವನ್ನು ಒಂದು ಸಲ ಬದಿಗಿಟ್ಟು ಕೆಳಗಿನಿಂದ ಕೇಳಬೇಕು. ನಲವತ್ತು ವರ್ಷದಿಂದ ಗುನುಗುತ್ತ ಬಂದ ಹಾಡಿನೊಳಗೆ ಇನ್ನೊಂದು ಹಾಡು ಸಿಗುತ್ತದೆ. ಮುಂಬಯಿ ಕನ್ನಡಿಗರ ಸಮಾರಂಭಗಳಲ್ಲಿ ಈ ಹಾಡುಗಳು ಕೀಬೋರ್ಡ್ ಮತ್ತು ರಿದಮ್ ಪ್ಯಾಡ್ ಮೇಲಷ್ಟೇ ನಡೆದಾಗ ಏನೋ ಸಪ್ಪೆ ಅನ್ನಿಸುವುದು ಈ ಕಾರಣಕ್ಕೆ.

ಭಾರತದ ರಾಕ್ ಸಂಗೀತದಲ್ಲಿ ಬಹುಶಃ ಅತ್ಯಂತ ಹೆಸರಾದ ಬೇಸ್ ವಾದಕರೂ ಕನ್ನಡ ಮೂಲದವರೇ. ‘ಇಂಡಿಯನ್ ಓಶನ್’ ತಂಡದ ರಾಹುಲ್ ರಾಮ್ ಅವರ ತಂದೆ ದೆಹಲಿ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯವಿಜ್ಞಾನಿ ಎಚ್.ವೈ. ಮೋಹನ ರಾಮ್, ದೊಡ್ಡಪ್ಪ ಪತ್ರಕರ್ತ ಎಚ್.ವೈ. ಶಾರದಾ ಪ್ರಸಾದ್, ಅಜ್ಜ ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ. ರಾಹುಲ್ ಅಮೆರಿಕದ ಕಾರ್ನೆಲ್‌ನಲ್ಲಿ ಪರಿಸರ ವಿಷವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ ಮರಳಿ, ನರ್ಮದಾ ಬಚಾವೊ ಆಂದೋಲನದಲ್ಲಿ ಓಡಾಡಿ, 1991ರಲ್ಲಿ ತಂಡ ಸೇರಿದರು. ನರ್ಮದೆಯ ಕಣಿವೆಯ ‘ಮಾ ರೇವಾ’ ಹಾಡು ತಂಡದ 2000ದ ‘ಕಂಡೀಸಾ’ ಆಲ್ಬಮ್ಮಿಗೆ ಬಂದದ್ದು ಆ ಓಡಾಟದ ಫಲ. 1993ರ ಮುಂಬಯಿ ಸ್ಫೋಟಗಳ ಕುರಿತ ‘ಬ್ಲ್ಯಾಕ್ ಫ್ರೈಡೇ’ ಸಿನಿಮಾಕ್ಕೆ ಸಂಗೀತ ಕೊಟ್ಟದ್ದೂ ಇದೇ ತಂಡ. ಅದರ ‘ಬಂದೇ’ ಹಾಡು ಸಿನಿಮಾ ನೋಡದವರನ್ನೂ ತಲುಪಿತು. ಬೇಸ್ ಹಿಡಿದು ಮುಂದೆ ನಿಂತು ಹಾಡುತ್ತ, ನಡುನಡುವೆ ಕೇಳುಗರ ಜೊತೆ ಹರಟುತ್ತ ಇರುವ ರಾಹುಲ್‌ರನ್ನು ನೋಡಿದ ಮೇಲೆ ಹುಡುಗರಿಗೆ ಬೇಸ್ ‘ಗಿಟಾರ್ ಬಾರದವನ ಪಾಲಿನ ವಾದ್ಯ’ವಾಗಿ ಉಳಿಯಲಿಲ್ಲ. ಕೈಲಾಶ್ ಖೇರ್ ಅವರ ಮುಂಬಯಿಯ ‘ಕೈಲಾಸಾ’ ತಂಡದಲ್ಲಿ ನರೇಶ್ ಕಾಮತ್, ‘ರಘು ದೀಕ್ಷಿತ್ ಪ್ರಾಜೆಕ್ಟ್’ನಲ್ಲಿ ಗೌರವ್ ವಾಜ್ ನಡೆದದ್ದು ಈ ತೆರೆದ ದಾರಿಯಲ್ಲಿ.

ಈ ನಡುವೆ ಕಛೇರಿಗಳ ಜಾಗವೇ ಬದಲಾಯಿತು. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವಾಗಿಸಿದವು. ಕಾಲೇಜು, ಆಸ್ಪತ್ರೆಗಳ ಮಗ್ಗುಲಲ್ಲೇ ಇದ್ದ ರಂಗಭವನದಲ್ಲಿ ರಾಕ್ ನಿಂತುಹೋಯಿತು. ದೊಡ್ಡ ತಂಡಗಳಿಗೆ ದೊಡ್ಡ ಬಯಲು ಬೇಕಿತ್ತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗ ದೇಶದ ಮೂಲೆಮೂಲೆಯಿಂದ ರೈಲು ಹಿಡಿದು ಬಂದವರಿದ್ದರು. ಆ ತಂಡವನ್ನು 1975ರಲ್ಲಿ ಕಟ್ಟಿದವನು, ಅದರ ಬಹುಪಾಲು ಹಾಡು ಬರೆದವನು ಬೇಸ್ ವಾದಕ ಸ್ಟೀವ್ ಹ್ಯಾರಿಸ್; ಕುದುರೆ ದೌಡಾಯಿಸಿದಂಥ ಅವನ ಬೆರಳ ನಡೆ ಮೆಟಲ್ ಪ್ರಿಯರಿಗೆಲ್ಲ ಬಾಯಿಪಾಠ. ಮರುವರ್ಷದ ಫೆಬ್ರವರಿಯಲ್ಲಿ ಮುಂಬಯಿಯ ಬಾಂದ್ರಾ–ಕುರ್ಲಾ ಸಂಕೀರ್ಣಕ್ಕೂ ಆ ತಂಡ ಬಂತು.

ನವಿ ಮುಂಬಯಿಯ ನೆರೂಳಿನಲ್ಲಿ ಡಿ.ವೈ. ಪಾಟೀಲ್ ಕ್ರೀಡಾಂಗಣ ತೆರೆದದ್ದು 2008ರಲ್ಲಿ. ಮೊದಲ ಐಪಿಎಲ್‌ನ ಫೈನಲ್ ನಡೆದದ್ದೂ ಅಲ್ಲೇ. ಕ್ರಿಕೆಟ್ಟಿಗೆಂದು ಕಟ್ಟಿದ ಆ ಬಟ್ಟಲು ಸಂಗೀತಕ್ಕೂ ಒದಗಿತು. 2004ರಲ್ಲಿ ಥಾಣೆಯಿಂದ ವಾಶಿಯ ಕಡೆಗೆ ಟ್ರಾನ್ಸ್ ಹಾರ್ಬರ್ ರೈಲು ಓಡತೊಡಗಿದ್ದರಿಂದ ಕಲ್ಯಾಣ, ಡೊಂಬಿವಲಿಯವರು ಥಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋಗಬಹುದಾಗಿತ್ತು. ಒಂದು ತಲೆಮಾರು ಸಂಗೀತಕ್ಕಾಗಿ ಧೋಬಿ ತಲಾವಿಗೆ ಹೋಗುತ್ತಿದ್ದರೆ ಈಗ ದಕ್ಷಿಣ ಮುಂಬಯಿಯವರೇ ಖಾಡಿ ದಾಟಿ ಬರಬೇಕಾಯಿತು.

2019ರ ಡಿಸೆಂಬರ್ 15ರಂದು ಐರ್ಲೆಂಡಿನ ಯು2 ತಂಡ ತನ್ನ ‘ಜೋಶುವಾ ಟ್ರೀ’ ಪ್ರವಾಸವನ್ನು ಈ ಕ್ರೀಡಾಂಗಣದಲ್ಲಿ ಮುಗಿಸಿತು. ಎ.ಆರ್. ರೆಹಮಾನ್ ಕೂಡ ಒಂದು ಹಾಡಿಗೆ ವೇದಿಕೆ ಏರಿದರು. 1987ರ ಆ ಆಲ್ಬಮ್ಮಿನಲ್ಲಿ ‘ವಿತ್ ಆರ್ ವಿದೌಟ್ ಯು’ ಎಂಬ ಹಾಡಿದೆ. ಅದರಲ್ಲಿ ಆ್ಯಡಮ್ ಕ್ಲೇಟನ್ ನುಡಿಸುವುದು ಮುಖ್ಯವಾಗಿ ನಾಲ್ಕೇ ಸ್ವರ: ಡಿ, ಎ, ಬಿ, ಜಿ. ಒಂದೊಂದಕ್ಕೂ ಎಂಟೆಂಟು ಮೀಟು, ಮತ್ತೆ ಮೊದಲಿನಿಂದ. ವಾರದ ಹಿಂದೆ ಬೇಸ್ ಹಿಡಿದವರೂ ಇದನ್ನು ನುಡಿಸಬಹುದು. ಐದು ನಿಮಿಷ ಒಂದೇ ತೂಕದಲ್ಲಿ, ಓಡದೆ ಎಳೆಯದೆ, ಮೇಲೆ ಗಾಯಕ ಕೂಗಿಟ್ಟಾಗಲೂ ತಾನು ಕದಲದೆ ನುಡಿಸುವುದು ವರ್ಷಗಳ ಕೆಲಸ. ಜಾಕೊನನ್ನು ಕೇಳಿ ಬೆರಗಾಗಿ ವಾದ್ಯ ಕೆಳಗಿಟ್ಟವರು ಎಷ್ಟೋ ಮಂದಿ. ಕ್ಲೇಟನ್‌ನನ್ನು ಕೇಳಿದವರು ‘ಇಷ್ಟು ನಮಗೂ ಆದೀತು’ ಎಂದು ಕೈಗೆತ್ತಿಕೊಳ್ಳುತ್ತಾರೆ. ಕಲಿಯುವವರನ್ನು ಹುಟ್ಟಿಸುವ ವಿಷಯದಲ್ಲಿ ಎರಡನೆಯವನದೇ ಮೇಲುಗೈ. 2025ರ ಜನವರಿ 18, 19 ಮತ್ತು 21ರಂದು ಕೋಲ್ಡ್‌ಪ್ಲೇ ಇಲ್ಲೇ ಮೂರು ರಾತ್ರಿ ನುಡಿಸಿತು. ಅದರ ಬೇಸ್ ವಾದಕ ಗೈ ಬೆರಿಮನ್ ಕೂಡ ಇದೇ ಮಿತಭಾಷಿಗಳ ಸಾಲಿನವನು.

ಕ್ರೀಡಾಂಗಣದ ಹೊರಗೆ ಕಲಿಕೆ ಈಗ ಪರೀಕ್ಷೆಯ ಶಿಸ್ತಿಗೂ ಒಳಪಟ್ಟಿದೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ರಾಕ್ ಮತ್ತು ಪಾಪ್ ಪರೀಕ್ಷೆಗಳಲ್ಲಿ ಬೇಸ್‌ಗೂ ಎಂಟನೆಯ ಗ್ರೇಡಿನವರೆಗೆ ಪಠ್ಯವಿದೆ. ಪಠ್ಯದಾಚೆಗೂ ಕಲಿಯುವುದಿದೆ. ವಾಶಿಯಲ್ಲಿ ನೆಲೆಸಿರುವ ಗಾಯಕ ಶಂಕರ್ ಮಹಾದೇವನ್ ಲೂಯಿ ಬ್ಯಾಂಕ್ಸ್, ಶಿವಮಣಿ ಅವರೊಡನೆ ‘ಸಿಲ್ಕ್’ ತಂಡದಲ್ಲಿ ಹಾಡುತ್ತಿದ್ದಾಗ ಬೇಸ್ ಹಿಡಿದಿದ್ದವರು ಕಾರ್ಲ್ ಪೀಟರ್ಸ್. ಸ್ವರಪ್ರಸ್ತಾರದ ಜಾಡು ಹಿಡಿದು ಬೇಸ್ ಹೇಗೆ ಹೋಗಬಲ್ಲದು ಎಂಬುದಕ್ಕೆ ಆ ತಂಡ ಒಳ್ಳೆಯ ಮಾದರಿ.

ಆ ಜಾಡನ್ನು ಇನ್ನಷ್ಟು ದೂರ ಒಯ್ದವರು ಮೋಹಿನಿ ಡೇ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರಿಗೆ ಮೂರನೆಯ ವಯಸ್ಸಿನಲ್ಲೇ ಬೇಸ್ ಹಿಡಿಸಿದ ಗುರು ತಂದೆ ಸುಜಯ್ ಡೇ. ತಂದೆಯೂ ಹಿಂದಿನ ಸಾಲಿನಲ್ಲಿ ನಿಂತು ನುಡಿಸಿದ ಬೇಸ್ ವಾದಕರೇ. ಬಾಲ್ಯದಲ್ಲೇ ಡ್ರಮ್ ವಾದಕ ರಂಜಿತ್ ಬಾರೋಟ್ ಆಕೆಯನ್ನು ವೇದಿಕೆಗೆ ಕರೆದೊಯ್ದರು. ಮುಂದೆ ಎ.ಆರ್. ರೆಹಮಾನ್, ಜಾಕಿರ್ ಹುಸೇನ್ ಅವರ ಜೊತೆ ನುಡಿಸಿದರು. ಬಾಯಲ್ಲಿ ಕೊನ್ನಕ್ಕೋಲ್ ಹೇಳುತ್ತ ಅದೇ ಜತಿಯನ್ನು ಅದೇ ವೇಗದಲ್ಲಿ ಬೆರಳಲ್ಲಿ ನುಡಿಸುವುದು ಅವರ ವಿಶೇಷ. ಮೃದಂಗದ ಪಾಠ ಬೇಸ್‌ನ ತಂತಿಗೆ ಇಳಿದದ್ದು ಹೀಗೆ. 2023ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದರ ಹೆಸರು ‘ಮೋಹಿನಿ ಡೇ’.